ಎಂಜಿನ್ನಿನ ಎಣ್ಣೆ ಹೆಚ್ಚಾದ ಮಳೆಗಾಲ

ಕಳೆದ ವಾರ ಯಾದಗಿರಿಯ ಗ್ಯಾರೇಜೊಂದರಲ್ಲಿ ನನ್ನ ಸ್ಕೂಟಿಯನ್ನು ಸರ್ವಿಸಿಗೆ ಬಿಟ್ಟಿದ್ದೆ. ಮಿಸ್ತ್ರಿ ಎಂಜಿನ್ನಿನ ಅಳತೆಕಡ್ಡಿಯನ್ನು ಹೊರಗೆಳೆದು, ಒರೆಸುವ ಮೊದಲು ನನ್ನ ಮುಂದೆ ಹಿಡಿದು, ಎಣ್ಣೆ ಪೂರ್ತಿ ಕಪ್ಪಾಗಿದೆ ಎಂದು ತೋರಿಸಿದ. ಆ ಕಪ್ಪನ್ನು ಕಂಡು ನನಗೆ ಸಮಾಧಾನವಾಯಿತು. ದುಡಿದ ಎಂಜಿನ್ನಿನ ಎಣ್ಣೆ ಕಪ್ಪಾಗುವುದು ಸಹಜ. ನಾನು ಹೆದರುವುದು ಬೇರೊಂದು ಬಣ್ಣಕ್ಕೆ. ಆದರೆ ಸುಟ್ಟ ಎಣ್ಣೆಯ ವಾಸನೆಗೆ ಬಣ್ಣದ ಭೇದವಿಲ್ಲ. ಅಲ್ಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತ ನನ್ನನ್ನು ಅದು ಕೃಷ್ಣೆಯ ನಡುಗಡ್ಡೆಯಲ್ಲಿ ಕಳೆದ ಒಂದು ಮಳೆಗಾಲಕ್ಕೆ ಕರೆದೊಯ್ದಿತು.

ಆಗ ನಾನು ಬಿ.ಎಡ್. ಮುಗಿಸಿದ್ದೆ. ಬಳಿಚಕ್ರದ ನಮ್ಮ ಮನೆಯಲ್ಲಿ ಪದವಿಯವರೆಗೆ ಓದಿದವಳು ನಾನೊಬ್ಬಳೇ ಆದ್ದರಿಂದ, ಕೆಲಸ ಸಿಗುವುದು ತಡವಾದಷ್ಟೂ ಓದಿದ್ದೇ ತಪ್ಪೇನೋ ಎಂಬ ಅಳುಕು ನನ್ನನ್ನು ಕಾಡುತ್ತಿತ್ತು. ಸುರಪುರ ತಾಲ್ಲೂಕಿನ ಆ ನಡುಗಡ್ಡೆಯ ಕಿರಿಯ ಪ್ರಾಥಮಿಕ ಶಾಲೆಗೆ ಅತಿಥಿ ಶಿಕ್ಷಕಿ ಬೇಕಾಗಿದ್ದರು. ಹೊಳೆ ದಾಟಿ ಹೋಗಿ ಪಾಠ ಮಾಡಲು ಯಾರೂ ಒಪ್ಪದ ಕಾರಣ ಅವಕಾಶ ನನ್ನವರೆಗೂ ಬಂದಿತು ಎಂದು ಹೇಳುವುದು ಹೆಚ್ಚು ಪ್ರಾಮಾಣಿಕ. ಊರಿಗೆ ದಾಖಲೆಗಳಲ್ಲಿ ಬೇರೆ ಹೆಸರಿದ್ದರೂ ದಂಡೆಯ ಜನ ಅದನ್ನು ಗಡ್ಡಿ ಎಂದೇ ಕರೆಯುತ್ತಿದ್ದರು. ಅವ್ವನ ತಮ್ಮ ಹಣಮಂತ ಮಾವನ ಮನೆ ಅಲ್ಲಿಯೇ ಇದ್ದುದರಿಂದ ನನ್ನನ್ನು ಕಳುಹಿಸಲು ಮನೆಯವರು ಹೆಚ್ಚು ಯೋಚಿಸಲಿಲ್ಲ.

ಗಡ್ಡಿಯವರೆಲ್ಲರೂ ಹರಗೋಲಿನಲ್ಲಿ ಹೊಳೆ ದಾಟುತ್ತಿದ್ದ ಕಾಲದಲ್ಲಿ ಮಾವನ ಬಳಿ ಮೋಟಾರು ದೋಣಿ ಇತ್ತು. ಮೇಲಿನ ಜಲಾಶಯದಲ್ಲಿ ಮೀನು ಹಿಡಿಸುತ್ತಿದ್ದ ಗುತ್ತಿಗೆದಾರನೊಬ್ಬ ಬಳಸಿ ಬಿಟ್ಟ, ತಗಡಿಗೆ ತೇಪೆ ಹಾಕಿದ ಹಳೆಯ ದೋಣಿ ಅದು. ಅದರ ನಡುವೆ, ಹೊಲದ ಪಂಪಿಗೆ ಕೂರಿಸುವಂತಹ ಡೀಸೆಲ್ ಎಂಜಿನ್ ಇತ್ತು. ಒಂದು ಕೊಳವೆ ಹೊಳೆಯ ನೀರನ್ನು ಎಳೆದು ಎಂಜಿನ್ನಿನ ಮೈಯೊಳಗೆ ಸುತ್ತಿಸಿ, ಬಿಸಿ ತಣಿಸಿ, ಮತ್ತೆ ಹೊಳೆಗೇ ಚೆಲ್ಲುತ್ತಿತ್ತು. ಮಾವ ಆ ದೋಣಿಯನ್ನು ತಂದದ್ದು ಮಗಳು ಭಾಗಮ್ಮನಿಗಾಗಿ. ಹೈಸ್ಕೂಲು ಆಚೆ ದಂಡೆಯಲ್ಲಿತ್ತು. ಮಳೆಗಾಲದ ಸೆಳವಿನಲ್ಲಿ ಹರಗೋಲು ಹಾಕಲು ಯಾರೂ ಧೈರ್ಯ ಮಾಡುತ್ತಿರಲಿಲ್ಲವಾದ್ದರಿಂದ ಗಡ್ಡಿಯ ಹೆಣ್ಣುಮಕ್ಕಳ ಓದು ಹೈಸ್ಕೂಲಿನ ಬಾಗಿಲಿನಲ್ಲಿಯೇ ನಿಲ್ಲುತ್ತಿತ್ತು. ಭಾಗಿ ಆ ವರ್ಷ ಹತ್ತನೇ ತರಗತಿಯಲ್ಲಿದ್ದಳು. ಅಲ್ಲಿಂದ ಹತ್ತನೆಯ ಪರೀಕ್ಷೆಗೆ ಕುಳಿತ ಹುಡುಗಿ ಅದುವರೆಗೆ ಒಬ್ಬಳೂ ಇರಲಿಲ್ಲ. ದೋಣಿ ನಡೆದರೆ ಅವಳ ಓದು ನಡೆಯುತ್ತದೆ, ದೋಣಿ ನಿಂತರೆ ಓದೂ ನಿಲ್ಲುತ್ತದೆ ಎಂಬುದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದಿದ್ದರೂ ಎಲ್ಲರಿಗೂ ತಿಳಿದಿದ್ದ ಸಂಗತಿ.

ಭಾಗಿ ಎಂಜಿನ್ನಿನ ಪಕ್ಕದಲ್ಲಿಯೇ ಕುಳಿತು, ಅದರ ಸದ್ದಿಗಿಂತ ದೊಡ್ಡ ದನಿಯಲ್ಲಿ ವಿಜ್ಞಾನದ ಪಾಠಗಳನ್ನು ಒಪ್ಪಿಸುತ್ತಿದ್ದಳು. ಮಾವ ಚುಕ್ಕಾಣಿ ಹಿಡಿದು, ತನಗೆ ಅರ್ಥವಾಗದ ಆ ಪಾಠಗಳಿಗೆಲ್ಲ ತಲೆದೂಗುತ್ತಿದ್ದ. ಹೊಳೆಯಲ್ಲಿರುವ ಮೀನುಗಳೆಲ್ಲ ಈ ವರ್ಷ ಪಾಸಾಗುತ್ತವೆ ಎಂದು ಅವನು ಹಾಸ್ಯ ಮಾಡಿದರೆ, ಅವು ಪಾಸಾದರೂ ನಿನ್ನ ಬಲೆಗೆ ಬೀಳುವುದು ತಪ್ಪದು ಎಂದು ಅವಳು ತಿರುಗಿ ಹೇಳುತ್ತಿದ್ದಳು.

ಆ ದೋಣಿಗೆ ಸಿದ್ದಮ್ಮ ಅತ್ತೆ ಪ್ರತಿ ಅಮಾವಾಸ್ಯೆಗೂ ಪೂಜೆ ಮಾಡುತ್ತಿದ್ದಳು. ನಮ್ಮ ಕಡೆ ಟ್ರ್ಯಾಕ್ಟರು, ಆಟೊ, ಹೊಲದ ಪಂಪು ಎಲ್ಲಕ್ಕೂ ಅಮಾವಾಸ್ಯೆಯ ದಿನ ಸ್ನಾನ ಮಾಡಿಸಿ, ವಿಭೂತಿ ಕುಂಕುಮ ಹಚ್ಚಿ, ಕಾಯಿ ಒಡೆಯುವುದು ರೂಢಿ. ಅತ್ತೆ ಎಂಜಿನ್ನನ್ನು ಗಂಗವ್ವನೆಂದೇ ಭಾವಿಸಿದ್ದಳು. ಅರಿಶಿನ ಬೆರೆಸಿದ ನೀರನ್ನು ಕೊಡಗಟ್ಟಲೆ ಅದರ ನೆತ್ತಿಯಿಂದ ಸುರಿದು, ಬಾಣಂತಿಯ ಕೂಸಿಗೆ ಎರೆಯುವಂತೆ ಮೈ ತಿಕ್ಕಿ ತೊಳೆಯುತ್ತಿದ್ದಳು. ಮಳೆಗಾಲದಲ್ಲಿ ಹೊಳೆ ಕೆಂಪಗೆ ರಾಡಿಯಾಗಿ ಹರಿಯುತ್ತದೆ. ಪಕ್ಕದಲ್ಲಿಯೇ ಹೊಳೆ ಇರುವಾಗ, ಕುಡಿಯುವುದಕ್ಕೆಂದು ಪಟಿಕ ತಿರುವಿ ತಿಳಿಗೊಳಿಸಿಟ್ಟ ನೀರನ್ನು ಮನೆಯಿಂದ ಹೊತ್ತು ತರುವುದೇಕೆ ಎಂದು ನಾನು ಒಮ್ಮೆ ಕೇಳಿದ್ದೆ.

"ದೇವರ ಮೈಮ್ಯಾಲ ರಾಡಿ ನೀರ ಹಾಕ್ತಾರೇನವ್ವ?" ಎಂದಳು ಅತ್ತೆ. ಇಷ್ಟು ಓದಿದವಳಿಗೆ ಇದೂ ತಿಳಿಯದೆ ಎಂಬ ಮರುಕ ಅವಳ ದನಿಯಲ್ಲಿತ್ತು.

ಆ ಬೇಸಿಗೆಯ ಕೊನೆಯಲ್ಲಿ ಒಂದು ಸಣ್ಣ ಘಟನೆ ನಡೆದಿತ್ತು. ಎಂಜಿನ್ನಿನ ಬಾಯಿಗೆ ಎಣ್ಣೆ ಸುರಿಯುವಾಗ ಅದರ ಮುಚ್ಚಳ ಮಾವನ ಕೈ ಜಾರಿ ಹೊಳೆಯ ಪಾಲಾಯಿತು. ಅವನು ಬೇವಿನ ತುಂಡೊಂದನ್ನು ಕೆತ್ತಿ, ಅದಕ್ಕೆ ಅರಿವೆ ಸುತ್ತಿ, ಬಿರಡೆ ಮಾಡಿ ಆ ಬಾಯಿಗೆ ಬಡಿದ. ಕಂಪನಿಯ ಮುಚ್ಚಳಕ್ಕಿಂತ ಇದೇ ಬಿಗಿಯಾಗಿದೆ ಎಂದು ಬಂದವರಿಗೆಲ್ಲ ತೋರಿಸಿದ. ಹೊಸ ಮುಚ್ಚಳ ತರುವ ಮಾತು ಅಲ್ಲಿಗೇ ನಿಂತಿತು.

ಮಣ್ಣೆತ್ತಿನ ಅಮಾವಾಸ್ಯೆ ಕಳೆದ ಕೆಲವು ದಿನಗಳಿಗೆ, ಬೆಳಗಿನ ಸರದಿಗೆ ಮೊದಲು ಅಳತೆಕಡ್ಡಿಯನ್ನು ಎತ್ತಿ ನೋಡಿದ ಮಾವ ನನ್ನನ್ನು ಕೂಗಿ ಕರೆದ. ಎಣ್ಣೆ ಕಡಿಮೆಯಾಗುವ ಬದಲು ಗುರುತಿಗಿಂತ ಮೇಲೆ ಬಂದಿತ್ತು. ಅವನಿಗೆ ಮೊದಲು ಆದದ್ದು ಸಂತೋಷವೇ.

"ನೋಡವ್ವ ಟೀಚರ್, ನಮ್ಮ ಎಂಜಿನ್ ಎಣ್ಣಿ ಈಯಾಕತ್ತದ. ಇನ್ನ ಅಂಗಡಿಗಿ ಹೋಗೂದs ಬ್ಯಾಡ."

ಅತ್ತೆ ಇದನ್ನು ಹಾಸ್ಯವೆಂದು ತಿಳಿಯಲಿಲ್ಲ. ಅಲ್ಲಿಯೇ ನಿಂತು ಕೈ ಮುಗಿದಳು. ನಾನು ಕಡ್ಡಿಯನ್ನು ಬಿಸಿಲಿಗೆ ಹಿಡಿದೆ. ಅದಕ್ಕೆ ಅಂಟಿದ್ದ ಎಣ್ಣೆ ಕಪ್ಪಾಗಿರಲಿಲ್ಲ. ಹಾಲು ಹೆಚ್ಚಾದ ಚಹಾದಂತೆ ಮಸುಕಾಗಿ, ನೊರೆಗಟ್ಟಿ ಇಳಿಯುತ್ತಿತ್ತು. ಎಣ್ಣೆಯೊಳಗೆ ನೀರು ಸೇರಿದೆ ಎಂದು ನಾನು ಅಂಜುತ್ತಲೇ ಹೇಳಿದೆ. ಪುಸ್ತಕದಿಂದ ತಿಳಿದದ್ದನ್ನು ಹೊಳೆಯ ಮೇಲೆ ಹೇಳುವಾಗ ಸರಿಯೋ ತಪ್ಪೋ ಎಂಬ ಸಂಕೋಚ ನನ್ನನ್ನು ಬಿಡುತ್ತಿರಲಿಲ್ಲ.

ನೋಡಿಯೇ ಬಿಡೋಣ ಎಂದು ಮಾವ ಆ ಎಣ್ಣೆಯ ನಾಲ್ಕು ಹನಿಗಳನ್ನು ಕಾದ ಹಂಚಿನ ಮೇಲೆ ಬಿಡುವ ಯೋಚನೆ ಮಾಡಿದ. ಅತ್ತೆ ರೊಟ್ಟಿಯ ಹಂಚನ್ನು ಕೊಡಲು ಒಪ್ಪದೆ, ಹಿತ್ತಲಿನಲ್ಲಿದ್ದ ಒಡೆದ ಹಂಚನ್ನು ಕೊಟ್ಟಳು. ಎಣ್ಣೆ ಬಿದ್ದೊಡನೆ ಸಾಸಿವೆಯ ಒಗ್ಗರಣೆಯಂತೆ ಚಟಪಟ ಸಿಡಿಯಿತು. ಬರೀ ಎಣ್ಣೆಯಾಗಿದ್ದರೆ ಹೊಗೆಯಾಡುತ್ತಿತ್ತೇ ಹೊರತು ಸಿಡಿಯುತ್ತಿರಲಿಲ್ಲ. ಮುಂದಿನ ಭಾನುವಾರ ದೋಣಿಯನ್ನು ಕದಲಿಸದೆ ಕಟ್ಟಿ ಬಿಟ್ಟೆವು. ಸಂಜೆ ಮಾವ ಎಂಜಿನ್ನಿನ ಅಡಿಯ ಬೋಲ್ಟನ್ನು ಸ್ವಲ್ಪವೇ ಸಡಿಲಿಸಿದ. ತಳಕ್ಕಿಳಿದಿದ್ದ ನೀರು ಮೊದಲು ಬಂದಿತು, ಅದರ ಹಿಂದೆ ಎಣ್ಣೆ. ಬೋಗುಣಿಯಲ್ಲಿ ಬಿದ್ದ ಆ ನೀರಿನಲ್ಲಿ ತಳ ಕಾಣುತ್ತಿತ್ತು. ಸ್ವಲ್ಪ ಹಳದಿ ಛಾಯೆ ಇತ್ತು, ತುಕ್ಕಿನದಿರಬೇಕೆಂದುಕೊಂಡೆವು. ಮಾವ, ಅತ್ತೆ, ಭಾಗಿ, ನಾನು ನಾಲ್ವರೂ ಬೋಗುಣಿಯ ಸುತ್ತ ಬಾಗಿ ಅದನ್ನು ನೋಡಿದೆವು. ನಂತರ ಮಾವ ಅದನ್ನು ಹೊಳೆಗೆ ಚೆಲ್ಲಿದ.

ನೀರು ಬರಲು ಮೂರು ದಾರಿಗಳಿವೆ ಎಂದು ನಾವು ವಿಚಾರ ಮಾಡಿದೆವು. ಮೇಲಿನಿಂದ ಮಳೆ, ಕೆಳಗಿನಿಂದ ದೋಣಿಯ ತಳದಲ್ಲಿ ಸೋರಿದ ನೀರು, ಒಳಗಿನಿಂದ ಎಂಜಿನ್ನನ್ನು ತಣಿಸುವ ನೀರು. ಎಂಜಿನ್ನಿಗೆ ತಾಡಪತ್ರಿ ಹೊದಿಸಿ ಮಳೆಯನ್ನು ತಪ್ಪಿಸಿದರೂ ಎಣ್ಣೆಯ ಮಸುಕು ಹೋಗಲಿಲ್ಲ. ದೋಣಿಯ ತಳವನ್ನು ಒಣಗಿಸಿ ನೋಡಿದರೆ ಸೋರಿಕೆ ಇರಲಿಲ್ಲ. ಹಾಗಾದರೆ ಉಳಿದದ್ದು ಒಳಗಿನದು. ಎಂಜಿನ್ನಿನ ಒಳಗೋಡೆ ಎಲ್ಲೋ ಬಿಟ್ಟಿದೆ ಎಂಬ ತೀರ್ಮಾನಕ್ಕೆ ಬಂದು, ಸುರಪುರದಿಂದ ಖಾಜಾ ಮಿಸ್ತ್ರಿಯನ್ನು ಕರೆಸಿದೆವು. ಸುತ್ತಲಿನ ಹಳ್ಳಿಗಳ ಪಂಪುಗಳೆಲ್ಲ ಅವನ ಕೈಯಲ್ಲಿ ಹಾದು ಹೋದವುಗಳೇ.

ಮಿಸ್ತ್ರಿಯೂ ನಮ್ಮ ವಿಚಾರವನ್ನೇ ಒಪ್ಪಿದ. ಎಂಜಿನ್ನಿನ ತಲೆಯನ್ನು ಬಿಚ್ಚಿ, ನೀರು ಒಳಗಿಳಿಯದಂತೆ ತಡೆಯುವ ಹೆಡ್ ಪ್ಯಾಕಿಂಗ್ ಬದಲಿಸಿ, ಹೊಸ ಎಣ್ಣೆ ತುಂಬಿಸಿದ. ಅದು ಹಳೆಯ ಸದ್ದಿನಲ್ಲಿಯೇ ಹೊರಟಾಗ ದಂಡೆಯ ಮೇಲಿದ್ದವರೆಲ್ಲ ನಕ್ಕರು. ಎಂಜಿನ್ನಿಗೆ ಮರುಹುಟ್ಟು ಬಂದಿದೆ ಎಂದು ಅತ್ತೆ ಅಂದು ಸಂಜೆಯೇ ತಾಡಪತ್ರಿ ಸರಿಸಿ, ಅದಕ್ಕೆ ಸ್ನಾನ ಮಾಡಿಸಿ, ಕಾಯಿ ಒಡೆದಳು. ಕೆಲವೇ ದಿನಗಳಲ್ಲಿ ಕಡ್ಡಿಗೆ ಮತ್ತೆ ಚಹಾದ ಬಣ್ಣ ಹತ್ತಿತು. ಮಿಸ್ತ್ರಿ ಎರಡನೆಯ ಸಲ ಬಂದು ಒಳಗಿನ ರಬ್ಬರ್ ರಿಂಗುಗಳನ್ನು ಬದಲಿಸಿದ. ಅತ್ತೆ ಮತ್ತೆ ಸ್ನಾನ ಮಾಡಿಸಿದಳು. ಎಣ್ಣೆ ಮತ್ತೆ ಕೆಟ್ಟಿತು.

"ನೀ ಎಂಜಿನ್ ರಿಪೇರಿ ಮಾಡ್ತಿಯೋ, ಎಮ್ಮಿ ಹಿಂಡ್ತಿಯೋ ಖಾಜಾ? ಬಂದಾಗೊಮ್ಮಿ ಹಾಲs ಬರಾಕತ್ತದ" ಎಂದ ಮಾವ.

ಮಿಸ್ತ್ರಿಗೆ ನಗು ಬರಲಿಲ್ಲ. ತನ್ನ ಕೈಯಿಂದ ಹೋದ ಎಂಜಿನ್ನು ಹೀಗೆ ತಿರುಗಿ ಬಂದದ್ದಿಲ್ಲ ಎಂದು ಅವನು ತನ್ನಷ್ಟಕ್ಕೆ ಹೇಳಿಕೊಂಡ. ಅತ್ತೆ ಅಂದಿನಿಂದ ಅಮಾವಾಸ್ಯೆಯವರೆಗೆ ಕಾಯುವುದನ್ನು ಬಿಟ್ಟು, ಶುಕ್ರವಾರಕ್ಕೊಮ್ಮೆ ಗಂಗವ್ವನ ಸೇವೆ ಮಾಡುವುದಾಗಿ ಹರಕೆ ಹೊತ್ತಳು. ಮಗಳ ಪರೀಕ್ಷೆ ಮುಗಿಯುವ ತನಕ ಒಂದು ಶುಕ್ರವಾರವೂ ತಪ್ಪಿಸುವುದಿಲ್ಲ ಎಂದು ಭಾಗಿಯ ತಲೆಯ ಮೇಲೆ ಕೈಯಿಟ್ಟು ಹೇಳಿದಳು.

ನಾಗರ ಅಮಾವಾಸ್ಯೆಯ ಹೊತ್ತಿಗೆ ಹೊಳೆ ಏರುತ್ತಿತ್ತು. ಒಂದು ಸಂಜೆ ಸುರಪುರದ ಸಭೆಯೊಂದನ್ನು ಮುಗಿಸಿ ನಾನೂ ಶಾಲೆ ಮುಗಿಸಿ ಬಂದ ಭಾಗಿಯೂ ಸಂತೆಯಿಂದ ಮರಳುತ್ತಿದ್ದ ಇಬ್ಬರು ಗಂಡಸರೂ ದೋಣಿಯಲ್ಲಿದ್ದೆವು. ನಡುಹೊಳೆಯಲ್ಲಿ ಎಂಜಿನ್ನಿನ ಸದ್ದು ಒರಟಾಯಿತು. ಒಳಗೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದಂತೆ ಕೇಳಿಸಿ, ಒಮ್ಮೆಲೇ ಕಚ್ಚಿಕೊಂಡು ನಿಂತಿತು. ಸೆಳವು ದೋಣಿಯನ್ನು ಅಡ್ಡ ತಿರುಗಿಸಿ ಕೆಳಗೆ ಒಯ್ಯತೊಡಗಿತು. ಮಾವನೂ ಆ ಇಬ್ಬರೂ ಬಿದಿರಿನ ಗಳ ಹಿಡಿದು ನಿಂತರು, ಆದರೆ ಗಳಕ್ಕೆ ತಳ ಸಿಗುತ್ತಿರಲಿಲ್ಲ. ಭಾಗಿ ಪುಸ್ತಕದ ಚೀಲವನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದಳು. ಗಡ್ಡಿಯ ದಂಡೆಯ ಮೇಲೆ ಅತ್ತೆ ನಮ್ಮ ಜೊತೆಗೇ ಓಡುತ್ತಿದ್ದುದು ಕಾಣುತ್ತಿತ್ತು. ಅವಳು ಕೂಗುತ್ತಿದ್ದಳೇನೋ, ನೀರಿನ ಸದ್ದಿನಲ್ಲಿ ಕೇಳಿಸುತ್ತಿರಲಿಲ್ಲ. ಬಹಳ ಕೆಳಗೆ, ನೀರಿಗೆ ಬಾಗಿದ ಜಾಲಿಯ ಪೊದೆಯೊಂದು ದೋಣಿಯನ್ನು ತಡೆದು ನಮ್ಮನ್ನು ಉಳಿಸಿತು. ಮುಳ್ಳುಗಳ ನಡುವೆಯೇ ನುಗ್ಗಿ ಬಂದ ಅತ್ತೆ ಮಗಳನ್ನು ಹಿಡಿದುಕೊಂಡಳು. ಅಂದು ಹಿಡಿದ ಆ ಕೈಯನ್ನು ಅವಳು ಆ ವರ್ಷ ಮತ್ತೆ ಸಡಿಲಿಸಲಿಲ್ಲ.

ಖಾಜಾ ಮಿಸ್ತ್ರಿ ಕೊನೆಯ ಸಲ ಬಂದು ನೋಡಿದ. ಕೆಟ್ಟ ಎಣ್ಣೆಯಲ್ಲಿ ಓಡಿ ಬೇರಿಂಗುಗಳು ಸವೆದು ಹೋಗಿದ್ದವು. ಎಂಜಿನ್ನಿನ ಮೈಯಾದ ಬ್ಲಾಕಿನ ಒಳಗೆಲ್ಲೋ ಕಣ್ಣಿಗೆ ಕಾಣದ ಸೀಳಿದೆ, ಇದಕ್ಕೆ ಇನ್ನು ಕೈ ಹಚ್ಚಬೇಡಿ ಎಂದ. ಅವನು ಹೊರಟ ಮೇಲೆ ಹೆಚ್ಚು ದಿನ ಕಳೆಯಲಿಲ್ಲ. ಮೇಲಿನ ಜಲಾಶಯದ ಗೇಟುಗಳನ್ನು ತೆರೆಯುತ್ತಾರೆ ಎಂದು ಆಚೆ ದಂಡೆಯಲ್ಲಿ ಧ್ವನಿವರ್ಧಕ ಕೂಗಿತು. ನೀರು ಗಡ್ಡಿಯನ್ನು ಸುತ್ತುವರಿದು, ಹೊಲದ ಬದುಗಳನ್ನು ಮುಳುಗಿಸಿ, ಮಹಾನವಮಿ ಸಮೀಪಿಸುವ ತನಕ ಇಳಿಯಲಿಲ್ಲ. ಅಷ್ಟೂ ದಿನ ಭಾಗಿ ಶಾಲೆಯ ಚಾವಣಿಯ ಕೆಳಗೆ ನನ್ನ ಮುಂದೆ ಕುಳಿತು ಓದಿದಳು. ನಾನು ಬಲ್ಲದ್ದನ್ನೆಲ್ಲ ಹೇಳಿಕೊಟ್ಟೆ. ಗಣಿತದಲ್ಲಿ ಅವಳು ಕೇಳಿದ ಎಷ್ಟೋ ಪ್ರಶ್ನೆಗಳು ನನ್ನ ಬಲಕ್ಕೆ ಮೀರಿದ್ದವು.

ನೀರು ಇಳಿದ ಮೇಲೆ ಮಾವ ಎಂಜಿನ್ನನ್ನೂ ದೋಣಿಯನ್ನೂ ಶಹಾಪುರದ ಗುಜರಿಯವನಿಗೆ ಕೊಟ್ಟುಬಿಟ್ಟ. ಹಾಸ್ಟೆಲಿನಲ್ಲಿ ಜಾಗ ತುಂಬಿತ್ತು. ಭಾಗಿಯನ್ನು ಬಳಿಚಕ್ರಕ್ಕೆ ಕಳುಹಿಸಿ, ಅಲ್ಲಿಂದ ಶಾಲೆಗೆ ಹೋಗಲಿ ಎಂದು ಅವ್ವ ಹೇಳಿ ಕಳುಹಿಸಿದಳು. ಮಾವ ಒಪ್ಪಿದ, ಅತ್ತೆ ಒಪ್ಪಲಿಲ್ಲ. ಹರಗೋಲಿನಲ್ಲಿ ಮಗಳನ್ನು ಕೂರಿಸುವ ಮಾತೆತ್ತಿದರೆ ಅವಳು ಎದ್ದು ಮಗಳನ್ನು ಒಳಗೆ ಕರೆದೊಯ್ಯುತ್ತಿದ್ದಳು. ಹಾಜರಿ ಸಾಲದೆ ಹೋಯಿತು. ಮುಂದಿನ ವರ್ಷ ಬರಲಿ ಎಂದು ಶಾಲೆಯವರು ಒಳ್ಳೆಯ ಮಾತಿನಲ್ಲಿಯೇ ಹೇಳಿದರು. ಮುಂದಿನ ವರ್ಷ ಅವಳು ಶಹಾಪುರದ ಕಡೆ ಹತ್ತಿಯ ಹೊಲಗಳಿಗೆ ಹೋಗುತ್ತಿದ್ದಳು. ಈಗ ಅಲ್ಲಿಯೇ ಒಂದು ಹಳ್ಳಿಯಲ್ಲಿ ಅವಳ ಸಂಸಾರವಿದೆ. ಭೇಟಿಯಾದಾಗ ಚೆನ್ನಾಗಿಯೇ ನಗುತ್ತಾಳೆ. ಆದರೆ ಆ ವರ್ಷದ ವಿಜ್ಞಾನದ ಪಾಠಗಳು ಅವಳಿಗೆ ಇಂದಿಗೂ ಸಾಲು ಸಾಲಾಗಿ ಬಾಯಿಗೆ ಬರುತ್ತವೆ. ನನಗೆ ಅದನ್ನು ಕೇಳಿಸಿಕೊಳ್ಳುವುದು ಕಷ್ಟ.

ದೋಣಿ ನಿಂತ ವರ್ಷದ ಚಳಿಗಾಲದಲ್ಲಿಯೇ ಸುರಪುರದ ಬಸ್ ನಿಲ್ದಾಣದಲ್ಲಿ ಖಾಜಾ ಮಿಸ್ತ್ರಿ ಸಿಕ್ಕಿದ್ದ. ಅವನೇ ಹುಡುಕಿಕೊಂಡು ಬಂದು ಮಾತಾಡಿಸಿದ.

"ಟೀಚರಮ್ಮಾ, ನಿಮ್ಮ ಮಾವನ ಎಂಜಿನ್ ಬ್ಲಾಕ್ ಯಾರೋ ಹೊಲದ ಪಂಪಿಗಿ ತೊಗೊಂಡಾರ್ರಿ. ಸೀಮೆಎಣ್ಣಿ ತುಂಬಿಸಿ ಇಟ್ಟು ನೋಡ್ಯಾರ. ಒಂದ್ ಹನಿ ಸೋರಿಲ್ಲ. ಸೀಳs ಇದ್ದಿಲ್ರಿ ಅದಕ್ಕ. ಮತ್ತ ನೀರ ಎಲ್ಲಿಂದ ಬಂತು ಹೇಳ್ರಿ?"

ಆ ಪ್ರಶ್ನೆ ಅವನ ನಿದ್ದೆಯನ್ನು ಕೆಡಿಸಿದಂತಿತ್ತು. ಹೊಳೆಯ ದಂಡೆಗೆ ಹೋಗುವ ಬಸ್ಸಿನಲ್ಲಿ ಕುಳಿತ ಮೇಲೆ ಆ ಭಾನುವಾರದ ಬೋಗುಣಿ ಕಣ್ಣ ಮುಂದೆ ಬಂದಿತು. ಅದರಲ್ಲಿದ್ದುದು ತಿಳಿ ನೀರು. ಆ ದಿನಗಳಲ್ಲಿ ಹೊಳೆ ಇಟ್ಟಿಗೆಯ ಬಣ್ಣದಲ್ಲಿ ಹರಿಯುತ್ತಿತ್ತು. ತಣಿಸುವ ಕೊಳವೆಯಿಂದ ಸೋರಿದ್ದರೆ ಬೋಗುಣಿಗೆ ರಾಡಿ ಬೀಳಬೇಕಿತ್ತು. ಆ ಮಳೆಗಾಲದಲ್ಲಿ ಇಡೀ ಗಡ್ಡಿಯಲ್ಲಿ ತಿಳಿ ನೀರು ಇದ್ದುದು ಮನೆಗಳೊಳಗಿನ ಕೊಡಗಳಲ್ಲಿ ಮಾತ್ರ. ಮುಚ್ಚಳ ಗಟ್ಟಿಯಾಗಿದ್ದಷ್ಟು ವರ್ಷ ಅತ್ತೆಯ ಸ್ನಾನದಿಂದ ಎಂಜಿನ್ನಿಗೆ ಏನೂ ಆಗಿರಲಿಲ್ಲ. ಅರಿವೆ ಸುತ್ತಿದ ಬಿರಡೆ ಬಂದ ಮೇಲೆ, ನೆತ್ತಿಯಿಂದ ಸುರಿದ ನೀರನ್ನು ಆ ಅರಿವೆ ಹೀರಿ ಹೀರಿ ಒಳಗಿಳಿಸಿತ್ತು. ನಾವು ಮಳೆ, ಹೊಳೆ, ಕೊಳವೆ ಎಂದು ಮೂರನ್ನು ಎಣಿಸಿದ್ದೆವು. ಪೂಜೆಯ ನೀರನ್ನು ನೀರೆಂದು ಎಣಿಸಬೇಕೆಂಬುದು ಯಾರ ಮನಸ್ಸಿಗೂ ಬಂದಿರಲಿಲ್ಲ. ಎಂಜಿನ್ ಕೆಟ್ಟಷ್ಟೂ ಅತ್ತೆ ಹೆಚ್ಚು ಬೇಡಿಕೊಂಡಳು; ಬೇಡಿಕೊಂಡಷ್ಟೂ ಅದು ಕೆಟ್ಟಿತು.

ಮಾವ ದಂಡೆಯಲ್ಲಿ ಹರಗೋಲಿನ ಬುಡಕ್ಕೆ ಡಾಂಬರು ಬಳಿಯುತ್ತಿದ್ದ. ಮಿಸ್ತ್ರಿ ಹೇಳಿದ್ದನ್ನೂ ನಾನು ಊಹಿಸಿದ್ದನ್ನೂ, ಮಾತುಗಳನ್ನು ಆರಿಸಿ ಆರಿಸಿ ಅವನಿಗೆ ಹೇಳಿದೆ. ಅವನು ಕೈಯನ್ನು ನಿಲ್ಲಿಸಲಿಲ್ಲ.

"ಗೊತ್ತದವ್ವ. ಗುಜರಿಗಿ ಹಾಕೋ ದಿನ ಬಿರಡಿ ಕಿತ್ತಿದ್ದೆ. ಅರಿವಿ ಅರಿಶಿಣದಾಗ ಅದ್ದಿ ತೆಗದಂಗ ಆಗಿತ್ತು."

"ಅತ್ತಿಗಿ ಹೇಳಿದೇನು?"

ಅವನು ಡಾಂಬರಿನ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದ.

"ಎಂಜಿನ್ ಹೋತು. ಹುಡುಗಿ ಸಾಲಿ ಹೋತು. ಇನ್ನ ಅದನ್ನೂ ತೊಗೊಂಡ್ ಹೋಗಿ ಆಕಿ ಕೈಗಿ ಹಚ್ಚಬೇಕೇನವ್ವ? ನೀನೂ ಹೇಳಬ್ಯಾಡ."

ಹೇಳುವುದಿಲ್ಲ ಎಂದೆ. ಹೇಳದಿದ್ದರೆ ಅವಳಾದರೂ ನೆಮ್ಮದಿಯಿಂದ ಇರುತ್ತಾಳೆ ಎಂದು ನಂಬಿಯೇ ಮಾತು ಕೊಟ್ಟೆ.

ಮನೆಯಲ್ಲಿ ಅತ್ತೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಭಾಗಿ ಹೊಲದಿಂದ ಇನ್ನೂ ಬಂದಿರಲಿಲ್ಲ. ನಾನು ಪಕ್ಕದಲ್ಲಿ ಕುಳಿತೆ. ಹತ್ತನೆಯ ಪರೀಕ್ಷೆ ಯಾವಾಗ ಎಂದು ಅತ್ತೆ ಕೇಳಿದಳು. ಬೇಸಿಗೆಯ ಆರಂಭದಲ್ಲಿ ಎಂದೆ. ರೊಟ್ಟಿಯನ್ನು ಹಂಚಿಗೆ ಹಾಕಿ, ಅದರ ಮೇಲೆ ನೀರು ಸವರುತ್ತ, ನನ್ನ ಮುಖ ನೋಡದೆ ಮಾತಾಡಿದಳು.

"ನಿಮ್ಮ ಮಾವಗ ಹೇಳಬ್ಯಾಡವ್ವ. ಒಂದ್ ಶುಕ್ರವಾರ ನಾ ತಪ್ಪಿಸಿದ್ದೆ. ಹೊರಗಾಗಿದ್ದೆ, ದೋಣಿ ಮುಟ್ಟಂಗಿದ್ದಿಲ್ಲ. ನಿನ್ನ ಕೈಲಿ ಮಾಡಸ್ಬೇಕಂದೆ, ಸಾಲಿ ಅದ ಅಂತ ಸುಮ್ಮನಾದೆ. ಅದs ವಾರ ಹೊಳ್ಯಾಗ ದೋಣಿ ನಿಂತಿದ್ದು. ಗಂಗವ್ವ ಮುನಿಸ್ಕೊಂಡಳು. ನನ್ನ ಮಗಳ ಓದು ನಾನs ಕಳದೆ."

ಅವಳಿಂದ ಮುಚ್ಚಿಡಲು ಮಾವ, ಮಾವನಿಂದ ಮುಚ್ಚಿಡಲು ಅವಳು; ಇಬ್ಬರ ನಡುವೆ ನಾನು. ಅವಳು ತಪ್ಪಿಸಿದ ಆ ಒಂದು ವಾರವೇ ಎಂಜಿನ್ನಿಗೆ ದೊರೆತ ಬಿಡುವು ಎಂದು ಹೇಳಿದರೆ, ಅವಳು ಹೊತ್ತಿದ್ದ ಭಾರವನ್ನು ಇಳಿಸಿ ಅದರ ಹತ್ತು ಪಟ್ಟು ಭಾರವನ್ನು ಹೊರಿಸಿದಂತಾಗುತ್ತಿತ್ತು. ಹೇಳದಿದ್ದರೆ, ಅವಳು ಮಾಡದ ತಪ್ಪಿಗೆ ಉಳಿದ ಬದುಕೆಲ್ಲ ಬೇಯುತ್ತಿದ್ದಳು. ಇಷ್ಟು ವರ್ಷ ಓದಿದ ನನಗೆ ಮೂರನೆಯ ಮಾತೊಂದು ಸಿಗಲಿಲ್ಲ.

"ಇಲ್ಲ ಅತ್ತಿ" ಎಂದೆ. "ನೀ ಏನೂ ಕಮ್ಮಿ ಮಾಡಿಲ್ಲ."

ಅತ್ತೆ ರೊಟ್ಟಿಯನ್ನು ತಿರುವಿ ಹಾಕಿದಳು.

"ನೀ ಓದಿದಾಕಿ, ಹಂಗs ಅಂತಿ" ಎಂದಳು.